ಎರಡು ಕಟೀಲು, ಎರಡು ಕೋಟಿ ಚೆನ್ನಯ: ಕ್ಯಾಸೆಟ್ ಸಂಗ್ರಹದ ಕೆಲಸ ಎಲ್ಲಿಗೆ ಬಂತು

ಯಕ್ಷಗಾನದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಜೋಡಿಸುವ ಕೆಲಸದಲ್ಲಿ ಬಿದ್ದಿದ್ದ ಗಂಟು ಕೊನೆಗೂ ಬಿಚ್ಚಿತು. ಡೆಸ್ಕ್‌ಟಾಪಿನ ಮೇಲೆ ‘ಕಟೀಲು’ ಎಂಬ ಎರಡು ಫೋಲ್ಡರ್‌ಗಳು ಒಂದರ ಕೆಳಗೊಂದು ಕುಳಿತಿದ್ದವು. ಒಂದೇ ಜಾಗದಲ್ಲಿ ಒಂದೇ ಹೆಸರನ್ನು ಎರಡು ಸಲ ಇಡಲು ವಿಂಡೋಸ್ ಬಿಡುವುದಿಲ್ಲ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಆದರೂ ಇದ್ದವು.

ಬೂಷ್ಟು ಒರೆಸುವುದು, ಹೆಡ್ ಸರಿಪಡಿಸುವುದು, ಧ್ವನಿ ಇಳಿಸುವುದು ಎಲ್ಲ ಮಾಮೂಲು, ಬಿಡೋಣ. ಕ್ಯಾಸೆಟ್ ಓಡಿಸುವ ಯಂತ್ರದ ಬೆಲ್ಟಿನ ಬಗ್ಗೆ ಮಾತ್ರ ಹೇಳಲೇಬೇಕು. ಆನ್‌ಲೈನಿನಲ್ಲಿ ತರಿಸಿದ್ದಕ್ಕೆ ಚೀಟಿಯಲ್ಲಿ ಒಂದು ಅಳತೆ, ಒಳಗೆ ಇನ್ನೊಂದು. ಬೆಲ್ಟ್ ಸಡಿಲವಾದರೆ ಭಾಗವತರ ಶ್ರುತಿ ಕುಸಿಯುತ್ತದೆ, ಚೆಂಡೆಯ ಪೆಟ್ಟು ಎಳೆಯುತ್ತದೆ. ದುಡ್ಡು ತೆಗೆದುಕೊಂಡು ಇಂಥ ಮಾಲು ಕಳುಹಿಸುವವರಿಗೆ ಏನು ಹೇಳುವುದು? ಕೊನೆಗೆ ಹಂಪನಕಟ್ಟೆಯ ಹಳೆಯ ಅಂಗಡಿಯೊಂದರ ಡಬ್ಬಿಯ ತಳದಲ್ಲಿ ಸಿಕ್ಕಿದ್ದೇ ಸರಿಯಾಗಿ ಕೂತಿತು.

ಇನ್ನು ಫೋಲ್ಡರ್ ವಿಷಯ. ಮೊದಲು ಮೇಳ, ಅಂದರೆ ತಂಡ; ಅದರೊಳಗೆ ಪ್ರಸಂಗ, ಅಂದರೆ ಆಡಿದ ಕಥೆ; ಅದರೊಳಗೆ ವರ್ಷ. ತುಳು ಪ್ರಸಂಗಗಳಿಗೆ ಬೇರೆಯೇ ಒಂದು. ಪಟ್ಟಿಯನ್ನು ಪಠ್ಯ ಕಡತದಲ್ಲಿ ಬರೆದು ಎಲ್ಲವನ್ನೂ ಒಂದೇ ಆಜ್ಞೆಯಲ್ಲಿ ಸೃಷ್ಟಿಸಿದ್ದೆ. ಸುರತ್ಕಲ್‌ನ ಗೆಳೆಯರು ಅದೇ ಪಟ್ಟಿಯಂತೆ ತಮ್ಮ ಹಳೆಯ ಮ್ಯಾಕ್‌ನಲ್ಲಿ ಫೋಲ್ಡರ್ ಮಾಡಿ, ತಮ್ಮ ಪಾಲಿನ ಕ್ಯಾಸೆಟ್‌ಗಳನ್ನು ತುಂಬಿ ಜಿಪ್ ಕಳುಹಿಸಿದರು. ಬಿಚ್ಚಿದಾಗ ಮಂದಾರ್ತಿ ಮಂದಾರ್ತಿಯೊಳಗೆ ಸೇರಿಕೊಂಡಿತು. ಧರ್ಮಸ್ಥಳ, ಪೆರ್ಡೂರು, ಸಾಲಿಗ್ರಾಮ ಸೇರಿದವು. ಕಟೀಲು ಸೇರಲಿಲ್ಲ, ಅಮೃತೇಶ್ವರಿ ಸೇರಲಿಲ್ಲ. ಅವಳಿ ವೀರರಾದ ಕೋಟಿ ಚೆನ್ನಯರ ಪ್ರಸಂಗಕ್ಕೆ ಅವಳಿ ಫೋಲ್ಡರ್‌ಗಳೇ ಹುಟ್ಟಿಕೊಂಡವು!

ಹೆಸರಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿರಬಹುದೇ ಎಂದು ನೋಡಿದೆ, ಇರಲಿಲ್ಲ. ಅರ್ಧಾಕ್ಷರದ ಪಕ್ಕ ಕಾಣದಂತೆ ಅಡಗುವ ಶೂನ್ಯ ಅಗಲದ ಚಿಹ್ನೆಯ ಮೇಲೆ ಅನುಮಾನ ಬಂತು. ಆದರೆ ‘ಕಟೀಲು’ ಎಂಬಲ್ಲಿ ಅರ್ಧಾಕ್ಷರವೇ ಇಲ್ಲ. ಸೇರಿದ ಹೆಸರುಗಳನ್ನೂ ಸೇರದವನ್ನೂ ಕಾಗದದ ಮೇಲೆ ಎರಡು ಸಾಲಾಗಿ ಬರೆದಾಗ ಸುಳಿವು ಸಿಕ್ಕಿತು. ಸೇರದ ಪ್ರತಿಯೊಂದು ಹೆಸರಿನಲ್ಲೂ ಅಕ್ಷರದ ಪಕ್ಕ ಬರೆಯುವ ದೀರ್ಘದ ಚಿಹ್ನೆ (ೕ) ಇದೆ: ಟೀ, ತೇ, ಕೋ.

ನೀವೂ ಪರೀಕ್ಷಿಸಬಹುದು. ಫೋಲ್ಡರ್ ಮೇಲೆ ಎಫ್2 ಒತ್ತಿ, ‘ಕೋ’ ಆದ ಕೂಡಲೇ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿ. ನಾನು ಮಾಡಿದ ಫೋಲ್ಡರಿನಲ್ಲಿ ಒಂದೇ ಒತ್ತಿಗೆ ‘ಕ’ ಉಳಿಯಿತು. ಮ್ಯಾಕ್‌ನಿಂದ ಬಂದದ್ದರಲ್ಲಿ ಕೋ ಮೊದಲು ಕೊ ಆಯಿತು, ಆಮೇಲೆ ಕೆ, ಆಮೇಲೆ ಕ. ಸಿಪ್ಪೆ ಸುಲಿದಂತೆ ಒಂದೊಂದೇ ಪದರ ಕಳಚಿತು. ನೋಡಿ ಮೈ ಜುಮ್ಮೆಂದಿತು.

ಯುನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರ, ಚಿಹ್ನೆಗೆ ಸಂಕೇತ ಕೊಡುವ ವ್ಯವಸ್ಥೆ) ಓತ್ವಕ್ಕೆ ತನ್ನದೇ ಒಂದು ಸಂಕೇತ ಇದೆ. ಎತ್ವ (ೆ), ಊತ್ವ (ೂ), ದೀರ್ಘ (ೕ) ಎಂದು ಮೂರು ಸಂಕೇತಗಳಲ್ಲಿ ಬಿಡಿಸಿಯೂ ಅದನ್ನೇ ಬರೆಯಬಹುದು. ಎರಡೂ ಸಮಾನ ಎಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಕನ್ನಡದಲ್ಲಿ ಹೀಗೆ ಬಿಡಿಸಲು ಬರುವ ಚಿಹ್ನೆಗಳು ಐದು: ೀ, ೇ, ೈ, ೊ, ೋ. ಔತ್ವ ಈ ಗುಂಪಿನಲ್ಲಿಲ್ಲ; ಸೌಕೂರು ಮೇಳ ತಕರಾರಿಲ್ಲದೆ ಸೇರಿದ್ದು ಅದಕ್ಕೇ. ಮ್ಯಾಕ್‌ನಲ್ಲಿ 1998ರಲ್ಲಿ ಬಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ (ಡಿಸ್ಕಿನಲ್ಲಿ ಕಡತಗಳನ್ನು ಇಡುವ ಕ್ರಮ) ಹೆಸರುಗಳನ್ನು ಬಿಡಿಸಿ ಇಡುತ್ತದೆ; ಗೆಳೆಯರ ಹಳೆಯ ಮ್ಯಾಕ್‌ನಲ್ಲಿದ್ದದ್ದು ಅದೇ. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಳ್ಳುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕೂಡ ಕೊಟ್ಟಂತೆಯೇ ಬರೆದುಕೊಳ್ಳುತ್ತದೆ, ಆದರೆ ಎರಡು ರೂಪಗಳನ್ನು ಒಂದೆಂದು ಗುರುತಿಸುವುದಿಲ್ಲ. ಕಣ್ಣಿಗೆ ಒಂದೇ, ಡಿಸ್ಕಿಗೆ ಬೇರೆ.

ನಡುವೆ ಒಂದು ಸಂತೋಷದ ಸುದ್ದಿ. ಕಿನ್ನಿಗೋಳಿಯ ಮನೆಯೊಂದರಲ್ಲಿ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನದ) ಸ್ಪೂಲ್‌ಗಳು, ಅಂದರೆ ಬಿಡಿ ಟೇಪ್ ಸುರುಳಿಗಳು ಇವೆಯಂತೆ! ಮುಂದಿನ ಕೆಲಸ ಅದೇ. ಸೆಕೆಂಡಿಗೆ 9.5 ಮತ್ತು 19 ಸೆಂಟಿಮೀಟರ್, ಎರಡೂ ವೇಗದಲ್ಲಿ ಓಡುವ ಯಂತ್ರ ಬೇಕು. ಅರ್ಥಧಾರಿಗಳ ಮಾತಿನಲ್ಲಿ ಒಂದು ಉಸಿರೂ ಕೆಡಬಾರದು.

ಪರಿಹಾರಕ್ಕೆ ಬರುತ್ತೇನೆ. ಪವರ್‌ಶೆಲ್‌ನಲ್ಲಿ (ವಿಂಡೋಸ್‌ಗೆ ಆಜ್ಞೆ ಬರೆದು ಕೊಡುವ ಸಾಧನ) ಯಾವುದೇ ಹೆಸರಿಗೆ ‘ನಾರ್ಮಲೈಸ್’ ಅನ್ವಯಿಸಿದರೆ ಬಿಡಿಸಿದ ಚಿಹ್ನೆಗಳು ಕೂಡಿಕೊಳ್ಳುತ್ತವೆ. ಆದರೆ ಎರಡು ಎಚ್ಚರಿಕೆ ಬೇಕು. ಅತ್ಯಂತ ಒಳಗಿನ ಫೋಲ್ಡರಿನಿಂದ ಆರಂಭಿಸಿ ಹೊರಗೆ ಬರಬೇಕು. ಹೊರಗಿನದನ್ನು ಮೊದಲು ಬದಲಿಸಿದರೆ ಒಳಗಿನವುಗಳ ವಿಳಾಸವೇ ತಪ್ಪುತ್ತದೆ. ಕೂಡಿದ ಹೆಸರಿನ ಫೋಲ್ಡರ್ ಆಗಲೇ ಇದ್ದರೆ ಹೆಸರು ಬದಲಿಸಲು ಹೋಗದೆ, ಒಳಗಿನ ಕಡತಗಳನ್ನು ಅದಕ್ಕೆ ಸಾಗಿಸಿ, ಖಾಲಿಯಾದದ್ದನ್ನು ಅಳಿಸಬೇಕು. ಎಲ್ಲಕ್ಕೂ ಮೊದಲು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳಿ.

ಕಟೀಲು ಮೇಳದ ಒಂದೇ ರಾತ್ರಿಯ ‘ದೇವಿ ಮಹಾತ್ಮೆ’ಯ ಕ್ಯಾಸೆಟ್‌ಗಳು ನಮ್ಮಿಬ್ಬರಲ್ಲಿ ಹಂಚಿಹೋಗಿದ್ದವು. ಮಹಿಷಾಸುರನ ಪ್ರವೇಶ ನನ್ನ ಫೋಲ್ಡರಿನಲ್ಲಿತ್ತು, ವಧೆ ಅವರದರಲ್ಲಿತ್ತು. ಎರಡೂ ಒಂದೇ ಕಡೆ ಬಂದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮಂಗಳದ ಪದದವರೆಗೂ ಕೇಳಿದೆ. ಇನ್ನು ಮುಂದೆ ಯಾವ ಜಿಪ್ ಬಂದರೂ ಮೊದಲು ಬೇರೆ ಡಿಸ್ಕಿನಲ್ಲಿ ಬಿಚ್ಚಿ, ಹೆಸರುಗಳನ್ನು ಕೂಡಿಸಿಯೇ ಸಂಗ್ರಹಕ್ಕೆ ಸೇರಿಸುವಂತೆ ಆಜ್ಞೆ ಬರೆದಿಟ್ಟಿದ್ದೇನೆ. ಸ್ಪೂಲ್ ಯಂತ್ರಕ್ಕೆ ರಬ್ಬರ್ ಇನ್ನೂ ಗಟ್ಟಿಯಾಗದ ಪಿಂಚ್ ರೋಲರ್ (ಟೇಪನ್ನು ಒತ್ತಿ ಎಳೆಯುವ ಗಾಲಿ) ಉಡುಪಿಯಲ್ಲೋ ಮಂಗಳೂರಿನಲ್ಲೋ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.