ಹದಿನಾರರ ಮಗ್ಗಿ

ಶಿರಸಿ, 17 ನವೆಂಬರ್ 2024, ಭಾನುವಾರ

ಬೆಳಿಗ್ಗೆ ಐದೂಮುಕ್ಕಾಲಿಗೆ ಹುಲೇಕಲ್ ರಸ್ತೆಗೆ ಬಿದ್ದಾಗ ಇಬ್ಬನಿ ಎಷ್ಟಿತ್ತೆಂದರೆ, ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಹತ್ತು ಮಾರಿನಾಚೆ ಹೋಗುತ್ತಿರಲಿಲ್ಲ. 8 ಕಿ.ಮೀ. ಹೋಗಿ 8 ಕಿ.ಮೀ. ಬಂದೆ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಏರು ಬಂದಲ್ಲೆಲ್ಲ ಗಡಿಯಾರ ನೋಡದೆ ನಡಿಗೆ. ಒಟ್ಟು 2 ಗಂಟೆ 26 ನಿಮಿಷ. ಇಷ್ಟು ದೂರ ಇದುವರೆಗೆ ಓಡಿದ್ದಿಲ್ಲ.

ಮುಂದಿನ ವರ್ಷದ ಕೊನೆಯೊಳಗೆ 50 ಕಿ.ಮೀ. ಓಡಬೇಕೆಂದು ಹೊರಟವಳು ನಾನು. ಮ್ಯಾರಥಾನಿನ 42.195 ಕಿ.ಮೀ. ದಾಟಿದ್ದೆಲ್ಲ ಅಲ್ಟ್ರಾ, 50 ಅದರ ಮೊದಲ ಮೆಟ್ಟಿಲು. ಸೆಪ್ಟೆಂಬರಿನಲ್ಲಿ ತಯಾರಿ ಶುರು ಮಾಡಿದಾಗ ಆದ ತಪ್ಪನ್ನು ಬರೆದಿಡುತ್ತೇನೆ, ಹೊಸದಾಗಿ ಹೊರಡುವವರಿಗೆ ಬೇಕಾದೀತು. ವರ್ಷದಿಂದ ವಾರಕ್ಕೆ ಮೂರು ದಿನ 5 ಕಿ.ಮೀ. ಓಡಿ ರೂಢಿಯಿತ್ತು. ದೂರ ಹೆಚ್ಚಿಸಿದ ಮೇಲೂ ಅದೇ ವೇಗದಲ್ಲಿ ಓಡಿದೆ. ಮೂರು ವಾರ ತೊಂದರೆಯಿಲ್ಲ, ಉಸಿರು ದಿನದಿಂದ ದಿನಕ್ಕೆ ಹಗುರ. ನಾಲ್ಕನೇ ವಾರ ಎಡಗಾಲಿನ ಮೊಣಕಾಲ ಕೆಳಗೆ, ಮುಂದಿನ ಎಲುಬಿನ ಒಳ ಅಂಚಿನಲ್ಲಿ ನೋವು ಕಚ್ಚಿಕೊಂಡಿತು. ಹನ್ನೆರಡು ದಿನ ಓಟ ಬಂದ್.

ಉಸಿರನ್ನು ನಂಬಿ ಕೆಟ್ಟೆ. ಹೃದಯ, ಸ್ನಾಯುಗಳು ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತವೆ. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ರಜ್ಜುಗಳಿಗೆ ರಕ್ತದ ಹರಿವು ಕಡಿಮೆ, ಅವಕ್ಕೆ ತಿಂಗಳುಗಳೇ ಬೇಕು. ಎಲುಬಿನದು ಇನ್ನೂ ವಿಶೇಷ. ಭಾರ ಹೆಚ್ಚಿದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸಿಕೊಂಡು, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೆಯ ಹಂಚು ಇಳಿಸಿ ಹೊಸ ಹಂಚು ಹೊದಿಸುವವರೆಗೆ ಮಾಡು ಬೋಳಾಗಿರುತ್ತದಲ್ಲ, ಹಾಗೆ ನಡುವಿನ ದಿನಗಳಲ್ಲಿ ಎಲುಬು ಮೊದಲಿಗಿಂತ ಬಡವಾಗಿರುತ್ತದೆ. ಆ ಕೆಲಸ ಮುಗಿಯಲು ಮೂರ್ನಾಲ್ಕು ತಿಂಗಳು. ಈಗ ನನ್ನ ಲೆಕ್ಕವನ್ನೆಲ್ಲ ಎಲುಬಿಗೆ ಹೊಂದಿಸಿ ಹಾಕಿಕೊಂಡಿದ್ದೇನೆ. ಭಾನುವಾರದ ಓಟ 8, 10, 12, 14 ಎಂದು ಏರಿ, ಹೋದ ವಾರ ಬೇಕೆಂದೇ 10ಕ್ಕೆ ಇಳಿಯಿತು. ಇವತ್ತು 16.

ನಿಧಾನ ಓಡುವುದು ಸುಲಭವಲ್ಲ. ಕಾಲು ತಾನಾಗಿ ಮುಂದೆ ಎಳೆಯುತ್ತದೆ. ಮಾತಾಡುತ್ತ ಓಡಬಲ್ಲಷ್ಟೇ ವೇಗ ಇರಲಿ ಎಂದು ಅನುಭವಸ್ಥರು ಹೇಳುತ್ತಾರೆ. ಒಬ್ಬಳೇ ಓಡುವಾಗ ಯಾರ ಹತ್ತಿರ ಮಾತಾಡಲಿ? ಗಟ್ಟಿಯಾಗಿ ಮಗ್ಗಿ ಹೇಳುತ್ತೇನೆ. "ಹದಿನಾರೊಂದ್ಲ ಹದಿನಾರು, ಹದಿನಾರೆರಡ್ಲ ಮೂವತ್ತೆರಡು." ಸಾಲಿನ ನಡುವೆ ಉಸಿರು ತುಂಡಾದರೆ ಆ ಕ್ಷಣವೇ ನಡಿಗೆ. ಕಿ.ಮೀ.ಗೆ 9 ನಿಮಿಷ ಅಂದರೆ ಮೊದಮೊದಲು ಬೇಸರವಾಗುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ 1921ರಲ್ಲಿ ಶುರುವಾದ ಕಾಮ್ರೇಡ್ಸ್ ಓಟದ ದೂರ ಹೆಚ್ಚುಕಡಿಮೆ 90 ಕಿ.ಮೀ., ಮುಗಿಸಲು ಕೊಡುವ ಅವಧಿ 12 ಗಂಟೆ. ಭಾಗಿಸಿ ನೋಡಿದೆ: ಕಿ.ಮೀ.ಗೆ ಸುಮಾರು 8 ನಿಮಿಷ. ಅಲ್ಲಿಯೂ ಏರಿನಲ್ಲಿ ನಡೆಯುವವರೇ ಬಹಳ. ಆಮೇಲೆ ಬೇಸರ ಹೋಯಿತು.

ಇವತ್ತು 12ನೇ ಕಿ.ಮೀ. ಹತ್ತಿರ "ಹದಿನಾರೇಳ್ಲ" ಎಂದು ನಿಂತೆ. ಉಸಿರು ಸರಿಯಿತ್ತು, ನೂರಹನ್ನೆರಡು ಮಾತ್ರ ನೆನಪಿಗೆ ಬರಲೊಲ್ಲದು. ಹೊರಟು ಒಂದೂಮುಕ್ಕಾಲು ಗಂಟೆ ದಾಟಿತ್ತು, ತಿಂದದ್ದು ಒಂದೇ ಬಾಳೆಹಣ್ಣು. ಸ್ನಾಯುಗಳಲ್ಲಿ, ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಎರಡು ಗಂಟೆ ಹತ್ತಿರವಾಗುತ್ತಿದ್ದಂತೆ ಕರಗುತ್ತ ಬರುತ್ತದೆ. ಉದ್ದದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟವೋ ಸಕ್ಕರೆಯೋ ಹೊಟ್ಟೆಗೆ ಬೀಳಬೇಕು. ಸೊಂಟದ ಚೀಲದಲ್ಲಿ ಜೋನಿಬೆಲ್ಲದ ಬಾಟಲಿ ಇದ್ದದ್ದೇ ಮರೆತಿತ್ತು. ಎರಡು ಗುಟುಕು ನುಂಗಿ ನಡೆದೆ. ಕಾಲು ಗಂಟೆಯಲ್ಲಿ ನೂರಹನ್ನೆರಡು ತಾನಾಗಿ ಬಂತು. ಮುಂದಿನ ವಾರದಿಂದ ಅರ್ಧ ಗಂಟೆಗೊಮ್ಮೆ, ಹಸಿವಾಗಲಿ ಬಿಡಲಿ. ಕುಡಿಯಲು ಉಪ್ಪು ಹಾಕಿದ ಮುರುಗಲು ಪಾನಕ ಒಯ್ದಿದ್ದೆ. ಅದನ್ನು ಬಾಯಾರಿದಾಗ ಮಾತ್ರ ಕುಡಿಯುವುದು. ಬೇಕಾದ್ದಕ್ಕಿಂತ ಹೆಚ್ಚು ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ, ಮಿತಿಮೀರಿದರೆ ಪ್ರಾಣಕ್ಕೇ ಸಂಚಕಾರ.

ಬೆಟ್ಟದ ಕಾಲುದಾರಿಯಲ್ಲಿ ಓಡುವ ಆಸೆ ಬಹಳ. ಮಣ್ಣು ಮೆತ್ತಗೆ, ಕಾಲಿಗೆ ಹಿತ. ಉಂಬಳದ ಕಾಟ ಮಳೆಯೊಟ್ಟಿಗೆ ಹೋಯಿತು, ಇನ್ನು ಉಣುಗಿನ ಕಾಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ಕಾಡು ನಮಗೆ ದೂರವಲ್ಲ; ಈ ವರ್ಷದ ಆರಂಭದಲ್ಲಿ ಸಿದ್ದಾಪುರದ ಕಡೆ ಮತ್ತೆ ಬಂದಿತ್ತು. ಬೇಸಿಗೆ ಮುಗಿಯುವವರೆಗೆ ನನಗೆ ಡಾಂಬರು ರಸ್ತೆಯೇ ಸೈ.

ಮನೆಗೆ ಬಂದಾಗ ಅಡಿಕೆ ತೋಟದಲ್ಲಿ ಕೊನೆಕೊಯ್ಲು ನಡೆದಿತ್ತು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರಿಗೆ ಆಸರಿಗೆ ಕೊಟ್ಟು ಬಾ ಎಂದು ಆಯಿ ಬೆಲ್ಲ, ನೀರಿನ ತಂಬಿಗೆ ಕೈಗಿಟ್ಟಳು. ಅವರು ಚೂರೇ ಚೂರು ಬೆಲ್ಲ ಮುರಿದುಕೊಂಡು ನಾಲ್ಕು ಗುಟುಕು ನೀರು ಕುಡಿದರು. ಇನ್ನಷ್ಟು ತಗೊಳ್ಳಿ ಎಂದೆ. "ಹೊಟ್ಟೆ ತುಂಬಿದ್ರೆ ಮರ ಹತ್ತೂಕಾಗ್ದು ತಂಗಿ. ಆಗಾಗ ಇಷ್ಟಿಷ್ಟು ಸಾಕು." ಮತ್ತೆ ಹತ್ತಿದರು. ತುದಿಯಲ್ಲಿ ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿಯುತ್ತಾರೆ, ಕೆಳಗಿಳಿದು ಹತ್ತುವ ಶ್ರಮ ಉಳಿಯುತ್ತದೆ. ಸಂಜೆಯೂ ಅದೇ ಲಯ, ಬೆಳಗಿಗಿಂತ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅಂಗಳದ ಕಟ್ಟೆಯ ಮೇಲೆ ಕಾಲು ಚಾಚಿ ಬಹಳ ಹೊತ್ತು ನೋಡುತ್ತ ಕೂತಿದ್ದೆ.

ರಾತ್ರಿ, ಅಡಿಕೆ ಸುಲಿಯುವವರ ಮಾತು ಚಪ್ಪರದಿಂದ ಕೇಳುತ್ತಿದೆ. ಬೂಟಿನೊಳಗೆ ಹಳೆಯ ಪೇಪರು ತುರುಕಿಟ್ಟೆ, ಇಬ್ಬನಿಗೆ ಪೂರ್ತಿ ಒದ್ದೆಯಾಗಿದೆ. ಎಡಗಾಲಿನ ಆ ಜಾಗವನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತಿ ನೋಡಿದೆ. ನೋವಿಲ್ಲ. ನಾಳೆ ಓಟವಿಲ್ಲ. ಮಂಗಳವಾರ 6 ಕಿ.ಮೀ.