ರೀಲ್‌ಫುಟ್ ಕೆರೆಯಲ್ಲಿ ದೊಡ್ಡ ಮೀನಿಗೆ ವಿನಾಯಿತಿ

ಅಮೆರಿಕದ ಮೆಂಫಿಸ್‌ನಲ್ಲಿ ಗಾಯಕ ಎಲ್ವಿಸ್‌ನ ಮನೆ, ನ್ಯಾಶ್‌ವಿಲ್‌ನಲ್ಲಿ ಸಂಗೀತದ ಬೀದಿ ಎಲ್ಲವನ್ನೂ ಮಗಳು, ಅಳಿಯ ತೋರಿಸಿದರು. ದುಬಾರಿ ಟಿಕೆಟ್, ವಿಪರೀತ ಗದ್ದಲ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರೆಯಬೇಕೆನಿಸಿದ್ದು ಟೆನ್ನೆಸಿ ರಾಜ್ಯದ ವಾಯವ್ಯ ಮೂಲೆಯ ರೀಲ್‌ಫುಟ್ ಕೆರೆಯಲ್ಲಿರುವ, ಅಂಗೈ ಅಗಲದ ಬ್ಲೂಗಿಲ್ ಎಂಬ ಮೀನಿನ ಬಗ್ಗೆ.

1811–12ರ ಚಳಿಗಾಲದಲ್ಲಿ ನ್ಯೂ ಮ್ಯಾಡ್ರಿಡ್ ಎಂಬ ಹತ್ತಿರದ ಊರಿನ ಸುತ್ತ ಒಂದರ ಹಿಂದೊಂದು ಭೂಕಂಪಗಳಾಗಿ, ನೆಲ ಕುಸಿದು ಹುಟ್ಟಿದ ಕೆರೆಯಿದು. ಆಗ ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನೀರಿನಡಿ ಇವೆ. ಆಳ ಕಡಿಮೆ, ಸೈಪ್ರೆಸ್ ಮರಗಳು ನೀರಿನಲ್ಲೇ ಬುಡವೂರಿ ನಿಂತಿವೆ. ನಾವು ಹೋದದ್ದು ಮೇ ತಿಂಗಳಲ್ಲಿ, ಈ ಮೀನು ಮೊಟ್ಟೆಯಿಡುವ ಕಾಲದಲ್ಲಿ.

ದೋಣಿಯ ಮುದುಕ ಹುಟ್ಟು ನಿಲ್ಲಿಸಿ ದಂಡೆಯ ಬಳಿ ಬೆರಳು ತೋರಿಸಿದ. ಮೊಣಕಾಲುದ್ದದ ನೀರಿನ ತಳದಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಳಿಗಳು, ಒಂದಕ್ಕೊಂದು ತಾಗಿದಂತೆ ಹತ್ತಾರು. ಪ್ರತಿ ಗುಳಿಯ ಮೇಲೂ ಒಂದೊಂದು ಗಂಡು ಮೀನು. ತಾಮ್ರವರ್ಣದ ಎದೆ, ಕಿವಿರಿನ ಅಂಚಿನಲ್ಲಿ ಕಪ್ಪು ಮಚ್ಚೆ. ಒಂದು ಬಾಲ ಬಡಿದು ಕೆಸರು ತೂರುತ್ತಿತ್ತು. ಇನ್ನೊಂದು ಹತ್ತಿರ ಬಂದ ಮೀನನ್ನು ಅಟ್ಟಿಸಿಕೊಂಡು ಹೋಗಿ ಅಷ್ಟೇ ಬೇಗ ವಾಪಸ್ಸು ಬಂತು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮೊಟ್ಟೆಗೆ ಗಾಳಿಯಾಡಿಸುವುದು, ಕಾವಲು ಕಾಯುವುದು ಎಲ್ಲ ಗಂಡಿನದೇ. ನಮ್ಮ ಕೆರೆಗಳ ಜಿಲೇಬಿ ಮೀನಿನ ಗಂಡೂ ಹೀಗೇ ಗುಳಿ ತೋಡುತ್ತದೆ. ಆದರೆ ಅಲ್ಲಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುವುದು ತಾಯಿ.

"ಗೂಡು ಕಟ್ಟದೆ ಅಪ್ಪನಾಗುವವರೂ ಇದ್ದಾರೆ" ಎಂದು ಮುದುಕ ನಕ್ಕ. ಕೆಲವು ಚಿಕ್ಕ ಗಂಡುಗಳು ಹೆಣ್ಣಿನ ಬಣ್ಣ, ನಡೆ ತಾಳಿ ಗೂಡಿಗೆ ನುಗ್ಗಿ ತಮ್ಮ ಕೆಲಸ ಮುಗಿಸಿಕೊಳ್ಳುತ್ತವಂತೆ. ಪಾಪ, ಯಜಮಾನ ಪರರ ಮಕ್ಕಳನ್ನೂ ಕಾಯುತ್ತಾನೆ.

ನನ್ನ ಗಾಳಕ್ಕೆ ಬಿದ್ದ ಮೊದಲನೆಯದೇ ದೊಡ್ಡದು. ಬುಟ್ಟಿಗೆ ಹಾಕಲು ಹೋದರೆ ಮುದುಕ ಕೈ ಅಡ್ಡ ಹಿಡಿದ. "ಅದನ್ನು ಬಿಡಿ. ನಡುವಿನ ಗಾತ್ರದವನ್ನು ಇಟ್ಟುಕೊಳ್ಳಿ."

"ಎಲ್ಲ ಕಡೆ ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಒಯ್ಯುತ್ತಾರಲ್ಲ?"

"ಇದು ಗೂಡಿನ ಗಂಡು. ಇದನ್ನು ಎತ್ತಿದರೆ ಅಕ್ಕಪಕ್ಕದ ಮೀನುಗಳೇ ಅದರ ಮೊಟ್ಟೆ ತಿಂದು ಮುಗಿಸುತ್ತವೆ. ದೊಡ್ಡ ಗಂಡುಗಳನ್ನೆಲ್ಲ ಹಿಡಿದರೆ ಎಳೆಯವಕ್ಕೆ ಪೈಪೋಟಿಯೇ ಇರುವುದಿಲ್ಲ. ಬೆಳೆಯುವ ಮೊದಲೇ ಸಂಸಾರ ಹೂಡುತ್ತವೆ. ಆಮೇಲೆ ಕೆರೆ ತುಂಬ ಕುಳ್ಳ ಮೀನುಗಳು."

"ಹಾಗಾದರೆ ಗೂಡಿನ ಮೇಲೆ ಗಾಳ ಹಾಕುವುದೇಕೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಸುಲಭ, ಅದಕ್ಕೆ. ಕಾವಲಿನ ಗಂಡು ಹಸಿವಿಗೆ ಕಚ್ಚುವುದಲ್ಲ, ಸಿಟ್ಟಿಗೆ ಕಚ್ಚುತ್ತದೆ." ಅಷ್ಟು ಹೇಳಿ ದೋಣಿಯನ್ನು ಆಳದ ಬೊಡ್ಡೆಗಳತ್ತ ತಿರುಗಿಸಿದ. ನನಗೂ ಅದೇ ಸರಿಯೆನಿಸಿತು. ಅಳಿಯನಿಗೆ ಮಾತ್ರ ಮುಖ ಸಣ್ಣದಾಯಿತು.

ಬೆಳಗಿನ ಹೊತ್ತು ಹಾಳಾದದ್ದರ ಸಿಟ್ಟು ನನಗಿನ್ನೂ ಇಳಿದಿಲ್ಲ. ಬ್ಲೂಗಿಲ್‌ಗೆಂದು ಕೇಳಿದರೂ ಹೆದ್ದಾರಿ ಬದಿಯ ಅಂಗಡಿಯವನು ದಪ್ಪ ಕೊಕ್ಕೆಗಳನ್ನು ಕಟ್ಟಿಕೊಟ್ಟಿದ್ದ. ಈ ಮೀನಿನ ಬಾಯಿ ಬಲು ಚಿಕ್ಕದು. ಎರೆಹುಳುವನ್ನು ಚೂರುಚೂರಾಗಿ ಕಿತ್ತು ತಿಂದು ಕೊಕ್ಕೆಯನ್ನು ಹಾಗೇ ಬಿಡುತ್ತಿತ್ತು. ನೀವು ಹೋದರೆ ಎಂಟು ಅಥವಾ ಹತ್ತನೇ ನಂಬರಿನ, ಕಾಂಡ ಉದ್ದವಿರುವ ತೆಳು ಕೊಕ್ಕೆಯನ್ನೇ ಕೇಳಿ. ನುಂಗಿದರೂ ಎಳೆದು ಬಿಡಿಸಲು ಬರುತ್ತದೆ. ಚಿಕ್ಕ ಬೆಂಡು, ಒಂದು ಸೀಸದ ಗುಂಡು, ಎರೆಗೆ ಜೀವಂತ ಚಿಮ್ಮಂಡೆ ಇದ್ದರೆ ಸಾಕು. ಬೆಂಡು ಅಲುಗಿದೊಡನೆ ಹಗುರವಾಗಿ ಎತ್ತಬೇಕು. ಬೆನ್ನಿನ ಮುಳ್ಳುಗಳನ್ನು ತಲೆಯ ಕಡೆಯಿಂದ ಬಾಲದತ್ತ ಸವರಿ ಮಡಿಸಿ ಹಿಡಿಯದಿದ್ದರೆ ಅಂಗೈ ತೂತಾಗುತ್ತದೆ. ಟೆನ್ನೆಸಿಯಲ್ಲಿ ಹದಿಮೂರು ತುಂಬಿದವರು ಪರವಾನಗಿಯಿಲ್ಲದೆ ಗಾಳ ಹಾಕುವಂತಿಲ್ಲ, ಮೊಬೈಲಿನಲ್ಲೇ ಪಡೆಯಬಹುದು.

ಸಂಜೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದರು. ಮೀನು ಸಿಹಿ, ಗರಿಗರಿ. ಖಾರವೆಂಬುದರ ಸುಳಿವಿಲ್ಲ. ಮಗಳು ಕೈಚೀಲದಿಂದ ಮೆಣಸಿನಪುಡಿಯ ಡಬ್ಬಿ ತೆಗೆದಳು. ಮುದುಕ ಮೂಸಿ ನೋಡಿ, ತನ್ನ ತಟ್ಟೆಗೂ ಚಿಮುಕಿಸಿಕೊಂಡ.