ಎಡಗಾಲೋ, ಬಲಗಾಲೋ

19 ಫೆಬ್ರವರಿ 2024, ಸೋಮವಾರ, ರಾತ್ರಿ

ಐಸ್ ಚೀಲ ಕರಗಿ ದಿಂಬೆಲ್ಲ ಒದ್ದೆಯಾಗಿತ್ತು. ಮಗಳ ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆಯಾಗಿ ಹದಿನೇಳು ದಿನ. ಅವಳು ಸಂಜೆಯಿಂದ ಬಾಯಿ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕುಳಿತು ಮೊಬೈಲ್‌ನಲ್ಲಿ ಇಟಲಿಯ ಸ್ಕೀ ಆಟಗಾರ್ತಿ ದೆಬೋರಾ ಕೊಂಪಾನ್ಯೋನಿಯ ಹಳೆಯ ವಿಡಿಯೊ ಹಾಕಿದೆ. ಅವಳು ಬಿದ್ದು ಇವತ್ತಿಗೆ ಸರಿಯಾಗಿ 32 ವರ್ಷ.

ಫ್ರಾನ್ಸ್‌ನ ಮೆರಿಬೆಲ್, 1992ರ ಚಳಿಗಾಲದ ಒಲಿಂಪಿಕ್ಸ್. ಹಿಂದಿನ ದಿನವಷ್ಟೇ ಸೂಪರ್ ಜಿ ಎಂಬ ಸ್ಕೀ ಓಟದಲ್ಲಿ ಎರಡನೆಯವಳನ್ನು 1.41 ಸೆಕೆಂಡು ಹಿಂದಿಕ್ಕಿ ಚಿನ್ನ ಗೆದ್ದಿದ್ದಳು. ನೂರನೇ ಒಂದು ಸೆಕೆಂಡಿಗೂ ಪದಕ ಕೈತಪ್ಪುವ ಆಟದಲ್ಲಿ ಅದು ದೊಡ್ಡ ಅಂತರ. ಮರುದಿನ, ಬಾವುಟಗಳ ನಡುವೆ ತಿರುಗುತ್ತ ಇಳಿಯುವ ಜೈಂಟ್ ಸ್ಲಾಲಂನ ಮೊದಲ ಸುತ್ತಿನಲ್ಲಿ ಬಿದ್ದಳು. ಆಮೇಲೆ ಆ ಚೀರಾಟ. ನನಗೆ ಕೇಳಲಾಗಲಿಲ್ಲ, ಧ್ವನಿ ತಗ್ಗಿಸಲು ಕೈ ಚಾಚಿದೆ. ಮಗಳು ನನ್ನ ಕೈ ಹಿಡಿದು ತಡೆದಳು.

"ಇರಲಿ ಅಮ್ಮಾ. ಯಾವ ಕಾಲು?"

"ಎಡಗಾಲು."

"ನನ್ನದು ಬಲಗಾಲು."

"ಅವಳ ಬಲಮೊಣಕಾಲಿಗೆ ಅದಕ್ಕೂ ಮೊದಲೇ ಶಸ್ತ್ರಚಿಕಿತ್ಸೆ ಆಗಿತ್ತು. ನಡುವೆ ಕರುಳಿನ ಶಸ್ತ್ರಚಿಕಿತ್ಸೆ ಬೇರೆ. ಆಗ ಅವಳಿಗೆ ಇಪ್ಪತ್ತೊಂದೇ ವರ್ಷ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮತ್ತೆ ಆಡಿದಳಾ?"

ಲಿಲ್ಲೆಹಮರ್, 1994. ನಾಗಾನೊ, 1998. ಎರಡೂ ಕಡೆ ಚಿನ್ನ, ಅದೂ ಬಿದ್ದ ಅದೇ ಜೈಂಟ್ ಸ್ಲಾಲಂನಲ್ಲಿ. ಮೂರು ಬೇರೆ ಬೇರೆ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಮೊದಲ ಆಲ್ಪೈನ್ ಸ್ಕೀ ಸ್ಪರ್ಧಿ ಅವಳೇ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಹೇಳಿದ ಮೇಲೆ ಹೆದರಿದೆ. ಹದಿನೇಳು ದಿನದ ಕಾಲಿನ ಮುಂದೆ ಮೂರು ಚಿನ್ನದ ಮಾತೇಕೆ ಆಡಿದೆ? ಇವಳಿಗೆ ಬೇಕಾಗಿರುವುದು ನಾಳೆ ಮೊಣಕಾಲು ಇನ್ನೊಂದಿಷ್ಟು ಮಡಚುವುದು, ಅಷ್ಟೇ. ಪದಕಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. 1992ರ ಆ ಫೆಬ್ರವರಿ 19ರ ರಾತ್ರಿ ದೆಬೋರಾಳ ಹತ್ತಿರ ಯಾರು ಕುಳಿತಿದ್ದರು, ಏನು ಮಾತಾಡಿದರು? ನನಗೆ ಬೇಕಾಗಿದ್ದದ್ದು ಅದು.

ಮಗಳು ಮಾತ್ರ ವಿಡಿಯೊವನ್ನು ಹಿಂದಕ್ಕೆ ಎಳೆದು, ಬೀಳುವ ಮೊದಲಿನ ತಿರುವುಗಳನ್ನು ಮತ್ತೆ ಮತ್ತೆ ನೋಡುತ್ತಿದ್ದಳು. "ಎಷ್ಟು ಹಗುರವಾಗಿ ತಿರುಗುತ್ತಾಳೆ ನೋಡು ಅಮ್ಮಾ, ಹಿಮಕ್ಕೆ ನೋವಾಗಬಾರದು ಅನ್ನುವ ಹಾಗೆ." ದಿಂಬಿನ ಹೊದಿಕೆ ಬದಲಿಸಲು ಎದ್ದೆ. ಕಾಲು ತಾನೇ ಎತ್ತಿಕೊಟ್ಟಳು, ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ. ನಿನ್ನೆಯವರೆಗೆ ನಾನೇ ಎತ್ತಬೇಕಿತ್ತು, ಇವತ್ತು…